ಅಮ್ಮನ ಸಮಾಧಿಯ ಹುಲ್ಲು

ಪುಲ್‌ಮನ್, ವಾಷಿಂಗ್ಟನ್ ರಾಜ್ಯ
ಜನವರಿ 9, 1974

ಪ್ರೀತಿಯ ಅಣ್ಣ,

ಸುಖವಾಗಿ ಬಂದು ಸೇರಿದೆ. ಹುಲ್ಡಾ ಅತ್ತಿಗೆ ಕಟ್ಟಿಕೊಟ್ಟ ಸಾಸೇಜು ದಾರಿಯಲ್ಲೇ ಅರ್ಧ ಖಾಲಿಯಾಯಿತು. ಉಳಿದದ್ದನ್ನು ನಮ್ಮ ಗೋಧಿ ಸಂಶೋಧನೆಯ ಲ್ಯಾಬಿನವರು ಮುಗಿಸಿದರು. "ನಿಮ್ಮೂರಿನ ಜರ್ಮನ್ನರು ಹಂದಿಗೆ ಏನು ತಿನ್ನಿಸ್ತಾರಮ್ಮ?" ಎಂದು ನಮ್ಮ ಡಾಕ್ಟರ್ ಪ್ರೆಂಟಿಸ್ ಕೇಳಿದರೆಂದು ಅತ್ತಿಗೆಗೆ ತಿಳಿಸು.

ಎದುರಿಗೆ ಆಡಲಾರದ ಒಂದು ಮಾತಿದೆ, ಕೋಪ ಮಾಡಿಕೊಳ್ಳಬೇಡ. ಹೊರಟ ದಿನ ಸ್ಮಶಾನದ ಹತ್ತಿರ ಕಾರು ನಿಲ್ಲಿಸಿದ್ದೆ. ಪ್ರತಿ ಕ್ರಿಸ್‌ಮಸ್‌ಗೂ ಎಲ್ಲ ಹಿಮದಡಿ ಮುಚ್ಚಿರುತ್ತಿತ್ತು. ಈ ಸಲ ಕರಗಿತ್ತಲ್ಲ, ಬೇಲಿಯಾಚೆಯಿಂದಲೇ ಕಾಣಿಸಿತು. ಸುತ್ತಲಿನ ಸಮಾಧಿಗಳೆಲ್ಲ ಚೊಕ್ಕವಾಗಿವೆ, ಅಮ್ಮನ ಮೇಲೆ ಮಾತ್ರ ಬೆರಳುದ್ದ ಹುಲ್ಲು. ನಿನ್ನ ಮನೆಯಿಂದ ಅಲ್ಲಿಗೆ ಎರಡು ಮೈಲಿ ಕೂಡ ಇಲ್ಲ. ನಾನು ನೂರು ಮೈಲಿ ದೂರದಲ್ಲಿ ಇರುವವಳು. ಒಂದು ಭಾನುವಾರ ಚರ್ಚು ಮುಗಿಸಿ ಬರುವಾಗ ಬಗ್ಗಿ ನಾಲ್ಕು ಬುಡ ಕೀಳಲು ನಿನಗೆ ಆಗಲಿಲ್ಲವೇ?

ಇರಲಿ. ನನಗೊಂದು ಉಪಕಾರ ಆಗಬೇಕು. ತೊರೆ ಪಕ್ಕದ ಅಪ್ಪನ ಹೊಲದಿಂದ ಒಂದು ಕಾಫಿ ಡಬ್ಬಿ ಮಣ್ಣು ಕಳಿಸು, ಗೋಧಿ ಸಸಿಯ ಬೇರಿನ ಸಮೇತ. ಹಾಗೆಯೇ ಕಾಲುವೆ ನೀರು ಬಂದ ಮೇಲೆ ನೀನು ಹೊಸದಾಗಿ ಒಡೆದ ಹೊಲದಿಂದ ಇನ್ನೊಂದು ಡಬ್ಬಿ. ಮುಚ್ಚಳಕ್ಕೆ ನಾಲ್ಕು ತೂತು ಹೊಡಿ.

ನಿನ್ನ ತಂಗಿ
ಟಿಲ್ಲಿ


ಓಡೆಸಾ
ವಾಷಿಂಗ್ಟನ್ ರಾಜ್ಯ
ಫೆಬ್ರವರಿ 3, 1974

ಟಿಲ್ಲಿ,

ಎರಡು ಡಬ್ಬಿ ಕಳಿಸಿದ್ದೇನೆ. ಕೆಂಪು ಡಬ್ಬಿ ಅಪ್ಪನ ಹೊಲದ್ದು, ಹಸಿರು ಡಬ್ಬಿ ಹೊಸ ಹೊಲದ್ದು. ಅಂಚೆ ಕಚೇರಿಯಲ್ಲಿ "ಒಳಗೇನಿದೆ ರೈನ್‌ಹೋಲ್ಡ್?" ಎಂದು ಕೇಳಿದರು. "ಮಣ್ಣು" ಎಂದೆ. "ಪುಲ್‌ಮನ್‌ನಲ್ಲಿ ಮಣ್ಣಿಗೂ ಬರವೇ?" ಎಂದು ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನ್ನ ತಂಗಿ ಇಪ್ಪತ್ತಾರು ವರ್ಷದಿಂದ ಅಲ್ಲಿ ಕೆಸರು ತೊಳೆಯುತ್ತಿದ್ದಾಳೆ, ಅವಳು ಹೋದ ದಿನ ಇದ್ದ ಕೆಸರು ಇನ್ನೂ ಮುಗಿದಿಲ್ಲ ಎಂದೆ.

ಹೊಸ ಹೊಲ ಚೆನ್ನಾಗಿದೆ. ಹೋದ ಜೂನ್‌ನಲ್ಲಿ ಅಲ್ಲಲ್ಲಿ ತೆನೆ ಬೆಳ್ಳಗಾಗಿತ್ತು, ಬಿಸಿಲು ಹೆಚ್ಚಾಗಿತ್ತು ಅಷ್ಟೆ.

ಹುಲ್ಲಿನ ವಿಷಯ ಓದಿದೆ.

ರೈನ್‌ಹೋಲ್ಡ್


ಪುಲ್‌ಮನ್
ಮೇ 22, 1974

ಪ್ರೀತಿಯ ಅಣ್ಣ,

ಅಪ್ಪನ ಹೊಲದಿಂದ ಇನ್ನೊಂದು ಡಬ್ಬಿ ಬೇಕು. ಮೊದಲಿನದು ಮುಗಿಯುತ್ತಾ ಬಂತು.

ಇನ್ನೊಂದು ಮುಖ್ಯವಾದ ಮಾತು. ಬರುವ ಸೆಪ್ಟೆಂಬರ್‌ನಲ್ಲಿ ಅಪ್ಪನ ಹೊಲಕ್ಕೆ ಗೋಧಿಯನ್ನೇ ಬಿತ್ತು. ಬಟಾಣಿ, ಜೋಳ, ಆಲೂಗಡ್ಡೆ ಎಂದು ಯಾರು ಏನೇ ಹೇಳಿದರೂ ಬೇಡ. ನೆಲವನ್ನು ಖಾಲಿ ಬಿಡುವುದೂ ಬೇಡ. ಏಕೆ ಎಂದು ಈಗ ಕೇಳಬೇಡ, ಸಮಯ ಬಂದಾಗ ನಾನೇ ಹೇಳುತ್ತೇನೆ.

ಅತ್ತಿಗೆಯ ಮಂಡಿನೋವು ಹೇಗಿದೆ?

ಟಿಲ್ಲಿ


ಓಡೆಸಾ
ಜೂನ್ 5, 1974

ಟಿಲ್ಲಿ,

ಡಬ್ಬಿ ಕಳಿಸಿದ್ದೇನೆ. ಇದು ಕೊನೆಯದು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಪ್ಪ ತೀರಿಕೊಂಡು ಉಯಿಲು ಓದಿದ ದಿನ ನೀನು ತುಟಿ ಬಿಚ್ಚಲಿಲ್ಲ. ಹೊಲವೆಲ್ಲ ನನಗೆ, ಪಿಯಾನೊ ಮತ್ತು ಅಮ್ಮ ಹೊಲಿದ ಕೌದಿ ನಿನಗೆ ಎಂದು ವಕೀಲರು ಓದಿದರು. ನೀನು ಪಿಯಾನೊ ಏರಿಸಿಕೊಂಡು ಹೊರಟುಹೋದೆ. ಮನಸ್ಸಿನಲ್ಲಿ ಏನಿದೆಯೋ ಎಂದು ಐದು ವರ್ಷ ನಾನು ಕಾದೆ. ಈಗ ಹೊರಗೆ ಬಂತು. ಮೊದಲು ಮಣ್ಣು ಕೇಳಿದೆ, ಈಗ ಇಂಥದ್ದೇ ಬಿತ್ತು ಎಂದು ಅಪ್ಪಣೆ ಕೊಡುತ್ತಿದ್ದೀಯ, ಬರುವ ವರ್ಷ ಅಳತೆಯವನನ್ನು ಕರೆದುಕೊಂಡು ಬರುತ್ತೀಯೇನೋ. ಪಾಲು ಬೇಕಿದ್ದರೆ ಪಾಲು ಎಂದೇ ಕೇಳು.

"ಅವಳು ಏನಾದ್ರೂ ಕಾರಣ ಇಟ್ಕೊಂಡೇ ಹೇಳಿರ್ತಾಳೆ ಕಣ್ರೀ, ಒಂದ್ಸಲ ಫೋನ್ ಮಾಡಿ ಕೇಳ್ಬಾರ್ದಾ?" ಎಂದು ಹುಲ್ಡಾ ಅನ್ನುತ್ತಾಳೆ. ನನ್ನ ಹೊಲದಲ್ಲಿ ಏನು ಬೆಳೆಯಬೇಕೆಂದು ಫೋನ್ ಮಾಡಿ ಕೇಳುವಷ್ಟು ಮುದುಕ ನಾನಿನ್ನೂ ಆಗಿಲ್ಲ.

ರೈನ್‌ಹೋಲ್ಡ್


ಪುಲ್‌ಮನ್
ಜೂನ್ 12, 1974

ಅಣ್ಣ,

ನನಗೆ ಯಾರ ಪಾಲೂ ಬೇಡ. ನನ್ನನ್ನು ಹಾಗೆ ತಿಳಿದಿದ್ದೀಯಲ್ಲ, ಸಂತೋಷ. ಹೊಲ ನಿನ್ನದು, ಏನು ಬೇಕಾದರೂ ಮಾಡಿಕೋ.

ಒಟಿಲಿಯಾ


ಓಡೆಸಾ
ಸೆಪ್ಟೆಂಬರ್ 30, 1974

ಟಿಲ್ಲಿ,

ಯಾರದೋ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿಯಲಿ. ಅಪ್ಪನ ಹೊಲವನ್ನು ಆಲೂಗಡ್ಡೆಯವರಿಗೆ ಮೂರು ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದೇನೆ. ಅವರು ಕಳೆದ ವಾರ ಬಂದು ಉದ್ದಕ್ಕೂ ಕೊಳವೆ ಇಳಿಸಿ ನೆಲದೊಳಗೆ ಗ್ಯಾಸ್ ಬಿಟ್ಟರು. ಹುಳ, ಬೂಷ್ಟು ಒಂದೂ ಉಳಿಯುವುದಿಲ್ಲವಂತೆ. "ಇನ್ನು ಈ ನೆಲ ಆಸ್ಪತ್ರೆ ಇದ್ದಂಗೆ ಯಜಮಾನ್ರೇ, ಅಷ್ಟು ಕ್ಲೀನು" ಎಂದು ಅವರ ಮೇಸ್ತ್ರಿ ಹೇಳಿದ. ಎರಡು ದಿನ ಆ ಕಡೆ ಹಕ್ಕಿ ಕೂಡ ಇಳಿಯಲಿಲ್ಲ.

ಇಷ್ಟು ದಿನ ಹೇಳದೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಹೊಸ ಹೊಲ ಕೈಕೊಟ್ಟಿತು. ಹೋದ ವರ್ಷ ಕಾಲುಭಾಗ, ಈ ವರ್ಷ ಅರ್ಧಕ್ಕಿಂತ ಹೆಚ್ಚು. ಜೂನ್ ಕೊನೆಗೆ ಹಸಿರು ಹೊಲದ ನಡುವೆ ತೆನೆಗಳು ಸುಣ್ಣ ಬಳಿದ ಹಾಗೆ ಬೆಳ್ಳಗೆ ನಿಂತಿದ್ದವು, ಒಳಗೆ ಕಾಳೇ ಇಲ್ಲ. ಹಿಡಿದು ಎಳೆದರೆ ಗಿಡ ಸುಮ್ಮನೆ ಕೈಗೆ ಬರುತ್ತಿತ್ತು, ಬೇರು ಕರ್ರಗೆ. ನಿನಗೆ ಕಳಿಸಿದ ಹಸಿರು ಡಬ್ಬಿಯ ಮಣ್ಣು ಗೇಟಿನ ಪಕ್ಕದ ಚೆನ್ನಾಗಿದ್ದ ಮೂಲೆಯದು. ಕೊಳೆತದ್ದನ್ನು ಕಳಿಸಿ ನಿನ್ನ ಡಾಕ್ಟರ ಮುಂದೆ ಮಾನ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ನಿನ್ನ ಮೇಲಿನ ಸಿಟ್ಟಿಗೆ ಗುತ್ತಿಗೆ ಕೊಟ್ಟೆ ಎಂದುಕೊಳ್ಳಬೇಡ. ಸಿಟ್ಟೂ ಸ್ವಲ್ಪ ಇತ್ತು. ಆದರೆ ಹೊಸ ಹೊಲ ಉಳಿಯುವವರೆಗೆ ಮನೆ ನಡೆಯಬೇಕು, ಮತ್ತು ಅವರು ಕೇಳಿದ್ದು ಅಪ್ಪನ ಹೊಲವನ್ನು ಮಾತ್ರ.

ರೈನ್‌ಹೋಲ್ಡ್


ಪುಲ್‌ಮನ್
ಅಕ್ಟೋಬರ್ 6, 1974

ಅಣ್ಣ,

ಈ ಕಾಗದವನ್ನು ನಾನು ಮೇ ತಿಂಗಳಲ್ಲಿ ಬರೆಯಬೇಕಿತ್ತು.

ನಿನ್ನ ಹೊಸ ಹೊಲದ್ದು ಬೇರುಕೊಳೆ. ಮಣ್ಣಿನಲ್ಲಿರುವ ಒಂದು ಬೂಷ್ಟು ಗೋಧಿಯ ಬೇರನ್ನು ತಿನ್ನುತ್ತದೆ, ನೀರು ಮೇಲೇರುವುದು ನಿಲ್ಲುತ್ತದೆ, ತೆನೆ ಒಣಗಿ ಬೆಳ್ಳಗಾಗುತ್ತದೆ. ಕಾಲುವೆ ನೀರಿನ ಹೊಸ ನೆಲದಲ್ಲಿ ಅದಕ್ಕೆ ಹಬ್ಬ. ನಲವತ್ತೊಂಬತ್ತರಿಂದ ಐವತ್ಮೂರರವರೆಗೆ ಅಪ್ಪನ ಹೊಲದಲ್ಲೂ ಇದೇ ಬಂದಿತ್ತು, ನಿನಗೆ ನೆನಪಿರಬೇಕು. "ಈ ದರಿದ್ರ ನೆಲಾನ ಬಿಟ್‌ಬಿಡ್ತೀನಿ" ಎಂದು ಅಪ್ಪ ಟೋಪಿ ಎಸೆದರು. ಅಮ್ಮ ಆ ಟೋಪಿ ಎತ್ತಿಕೊಟ್ಟು, "ಇನ್ನೊಂದ್ ವರ್ಷ ಬಿತ್ತಿ" ಎಂದಳು. ಪ್ರತಿ ವರ್ಷವೂ ಅದನ್ನೇ ಹೇಳಿದಳು. ಐದನೆಯ ವರ್ಷ ರೋಗ ತಾನಾಗಿಯೇ ಇಳಿಯಿತು, ಮತ್ತೆ ಬರಲಿಲ್ಲ. ಅಮ್ಮನ ಪ್ರಾರ್ಥನೆ ಫಲಿಸಿತು ಎಂದು ಊರವರು ಅಂದರು.

ಫಲಿಸಿದ್ದು ಅಮ್ಮನ ಹಟ, ಅಣ್ಣ. ಬಿಡದೆ ಗೋಧಿಯನ್ನೇ ಬಿತ್ತಿದ್ದರಿಂದ ಅದರ ಬೇರಿನ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಅವು ಬೇರಿನ ಸುತ್ತ ನೆಲೆ ಮಾಡಿಕೊಂಡು ಬೂಷ್ಟನ್ನು ಹತ್ತಿರ ಬಿಡುವುದಿಲ್ಲ. ವರ್ಷ ವರ್ಷ ಗೋಧಿ ಇದ್ದರೆ ಅವೂ ಇರುತ್ತವೆ. ನೀನು ಕಳಿಸಿದ ಕೆಂಪು ಡಬ್ಬಿಯಿಂದ ಒಂದು ಚಮಚ ತೆಗೆದು ನೂರು ಚಮಚ ರೋಗದ ಮಣ್ಣಿಗೆ ಬೆರೆಸಿದೆ. ಆ ಕುಂಡದ ಗೋಧಿ ನೆಟ್ಟಗೆ ನಿಂತಿತು. ಅದೇ ಕೆಂಪು ಡಬ್ಬಿಯ ಮಣ್ಣನ್ನು ಹಬೆಯಲ್ಲಿ ಬೇಯಿಸಿ ಬೆರೆಸಿದೆ, ಗೋಧಿ ಸತ್ತಿತು. ಆ ಮಣ್ಣಿನಲ್ಲಿ ಕೆಲಸ ಮಾಡುತ್ತಿದ್ದುದು ಜೀವವಿರುವ ವಸ್ತು ಎಂದು ಆ ದಿನ ಗೊತ್ತಾಯಿತು. ನಾನು ಕುರ್ಚಿಯಲ್ಲಿ ಕುಳಿತು ಅತ್ತೆ.

"ಇನ್ನೊಂದು ಸಲ ಮಾಡಿ ನೋಡೋವರೆಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡ ಟಿಲ್ಲಿ" ಎಂದು ಡಾಕ್ಟರ್ ಹೇಳಿದ್ದರು. ಅದು ನೆಪ. ನಿನಗೆ ಹೇಳಿದ್ದರೆ ಅವರೇನೂ ನನ್ನನ್ನು ಗಲ್ಲಿಗೇರಿಸುತ್ತಿರಲಿಲ್ಲ. ಸುಗ್ಗಿಯ ದಿನ ಬಂದು ಎಲ್ಲರೂ ಊಟಕ್ಕೆ ಕುಳಿತಾಗ ಎರಡು ಕುಂಡ ನಿನ್ನ ಮುಂದೆ ಇಡಬೇಕೆಂದು ನನಗೆ ಆಸೆ ಇತ್ತು. ಕೆಸರು ತೊಳೆಯುವವಳು ಎಂದು ಇಪ್ಪತ್ತಾರು ವರ್ಷ ನಕ್ಕವರ ಮುಖ ನೋಡಬೇಕಿತ್ತು. ನಿನ್ನ ಹಸಿರು ಡಬ್ಬಿಯಲ್ಲಿ ರೋಗ ಕಾಣಲಿಲ್ಲವಾದ್ದರಿಂದ ಅವಸರವೇನಿಲ್ಲ ಎಂದುಕೊಂಡೆ. ಆಮೇಲೆ ನೀನು ಪಾಲಿನ ಮಾತೆತ್ತಿದೆ, ನಾನು ಬಿಗಿದುಕೊಂಡೆ. ಮೂರು ಸಾಲು ಬರೆದಿದ್ದರೆ ಸಾಕಿತ್ತು.

ಅಪ್ಪನ ಹೊಲದ ಎರಡು ಡಬ್ಬಿಯ ಮಣ್ಣೂ ಮುಗಿದಿದೆ. ಪ್ರಯೋಗವಾದ ಕುಂಡಗಳ ಮಣ್ಣನ್ನು ಬೇಸಿಗೆಯಲ್ಲಿ ಬೇಯಿಸಿ ಹೊರಗೆ ಸುರಿಯುವುದು ನಮ್ಮಲ್ಲಿ ನಿಯಮ, ನಾನೇ ಸುರಿದೆ. ಸಾವಿರಾರು ಬಗೆಯ ಬ್ಯಾಕ್ಟೀರಿಯಾಗಳಲ್ಲಿ ಆ ಕೆಲಸ ಮಾಡುವುದು ಯಾವುದೆಂದು ಇನ್ನೂ ಹಿಡಿಯಲು ಆಗಿಲ್ಲ. ಹೊಲದಲ್ಲಿ ಬೇಕಾದಷ್ಟಿದೆ, ಸೆಪ್ಟೆಂಬರ್‌ನಲ್ಲಿ ಹೋಗಿ ತಂದರಾಯಿತು ಎಂದಿದ್ದೆ. ಆ ಹೊಲದಿಂದ ನಾಲ್ಕು ಗಾಡಿ ಮಣ್ಣನ್ನು ನಿನ್ನ ಹೊಸ ಹೊಲಕ್ಕೆ ಎರಚಿ ನೋಡಬೇಕೆಂದೂ ಇದ್ದೆ.

ಬೂಷ್ಟು ಎಲ್ಲಿಂದಲೋ ಮತ್ತೆ ಬರುತ್ತದೆ, ಅದಕ್ಕೆ ಒಂದು ವರ್ಷ ಸಾಕು. ಗ್ಯಾಸಿಗೆ ಸತ್ತ ಆ ಬ್ಯಾಕ್ಟೀರಿಯಾ ಮತ್ತೆ ಬರಲು ಇನ್ನೊಂದು ಜೀವಮಾನ ಬೇಕೇನೋ. ತಪ್ಪು ನನ್ನದು. ನೀನು ಸ್ವಲ್ಪ ಭಾಗ ನಿನ್ನದೆನ್ನಬಹುದು, ಆದರೂ ಹೆಚ್ಚಿನದು ನನ್ನದೇ.

ಟಿಲ್ಲಿ


ಓಡೆಸಾ
ನವೆಂಬರ್ 25, 1974

ಟಿಲ್ಲಿ,

ಏಳು ವಾರವಾಯಿತು, ಉತ್ತರ ಬರೆಯಲು ಕೂತು ಕೂತು ಎದ್ದಿದ್ದೇನೆ. ಹುಲ್ಡಾ ಈಗ ಪೆನ್ನು ಕೈಗೆ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಗುತ್ತಿಗೆಗೆ ಸಹಿ ಹಾಕಿದ ದಿನವೂ ಅವಳು ಅಲ್ಲೇ ನಿಂತಿದ್ದಳು, ಆಗ ನಾನು ತಿರುಗಿ ನೋಡಲಿಲ್ಲ.

ನೀನು ನೋಡಿದ ಹುಲ್ಲಿನ ವಿಷಯ ಹೇಳುತ್ತೇನೆ.

ಐವತ್ತೆಂಟರ ಸೆಪ್ಟೆಂಬರ್‌ನಲ್ಲಿ ಅಮ್ಮ ಹಾಸಿಗೆ ಹಿಡಿದಾಗ, ಕುಂಡಗಳ ಲೆಕ್ಕ ಆ ವಾರ ಮುಗಿಯಬೇಕು ಎಂದು ನೀನು ಬರಲು ತಡವಾಯಿತು. ನೀನು ಬಂದಾಗ ಮಣ್ಣು ಮಾಡಿ ಎರಡು ದಿನವಾಗಿತ್ತು. ಅದನ್ನು ಎತ್ತಿ ಆಡುತ್ತಿಲ್ಲ. ಕೊನೆಯ ವಾರ ಅಮ್ಮ ನನ್ನನ್ನು ಕರೆದು ಹೇಳಿದ್ದು ಹೀಗೆ: "ನನ್ ಮೇಲೆ ಹೂವಿನ ಗಿಡ ನೆಡ್ಬೇಡ ಕಣೋ. ಹೂವಿಗೆ ಅಂದ್ರೆ ವರ್ಷಕ್ಕೊಂದ್ ದಿನ ಬರ್ತೀರ. ಗೋಧಿ ಬಿತ್ತು. ಬಿತ್ತೋಕೊಂದ್ಸಲ, ಕೊಯ್ಯೋಕೊಂದ್ಸಲ ಬರ್ಲೇಬೇಕಾಗತ್ತೆ." ಸಾಯುವಾಗಲೂ ಕೆಲಸ ಹಚ್ಚಿಯೇ ಹೋದಳು.

ನಮ್ಮ ಸ್ಮಶಾನದ ನೆಲ ಬರೀ ಕರಿಕಲ್ಲು, ಗುಂಡಿಯನ್ನು ಹಾರೆಯಿಂದ ಒಡೆದೇ ತೆಗೆದದ್ದು. ಆ ಕಲ್ಲುಚೂರನ್ನು ಅವಳ ಮೇಲೆ ಸುರಿಯಲು ಅಪ್ಪ ಒಪ್ಪಲಿಲ್ಲ. ತೊರೆ ಪಕ್ಕದ ಹೊಲದಿಂದ ಒಂದು ಗಾಡಿ ಮಣ್ಣು ತಂದು ತುಂಬಿಸಿದರು. ಅವತ್ತಿನಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ನಾನು ಅಲ್ಲಿ ಒಂದು ಹಿಡಿ ಬಿತ್ತುತ್ತೇನೆ. ಜುಲೈನಲ್ಲಿ ಜೇಬಿನ ಚಾಕುವಿನಿಂದ ಕೊಯ್ದು, ಅದೇ ಕಾಳನ್ನು ಇಟ್ಟುಕೊಂಡು ಮತ್ತೆ ಬಿತ್ತುತ್ತೇನೆ. ಹದಿನಾರು ಬೆಳೆಯಾಯಿತು, ಒಂದು ವರ್ಷವೂ ತಪ್ಪಿಸಿಲ್ಲ. "ಇದೇನು ಸ್ಮಶಾನವೋ ನಿನ್ ಹೊಲವೋ?" ಎಂದು ಚರ್ಚಿನ ಹಿರಿಯರು ಮೇ ತಿಂಗಳಲ್ಲಿ ಸಮಾಧಿಗಳಿಗೆಲ್ಲ ಹೂವಿಡುವ ದಿನ ಪ್ರತಿ ಸಲ ರೇಗುತ್ತಾರೆ. ನಾನು ಟೋಪಿ ತೆಗೆದು ನಮಸ್ಕಾರ ಹೇಳಿ ಬರುತ್ತೇನೆ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಅಮ್ಮನ ಕೊನೆಯ ಮಾತು ನನಗೊಬ್ಬನಿಗೇ ಸಿಕ್ಕಿತ್ತು, ಅದನ್ನು ಹಂಚಿಕೊಳ್ಳಲು ಇಷ್ಟವಿರಲಿಲ್ಲ. ನೀನು ಹುಲ್ಲು ಎಂದು ಬೈದಾಗ, ಹಾಗೇ ತಿಳಿದುಕೊಂಡಿರಲಿ ಎಂದು ಸುಮ್ಮನಾದೆ.

ಆ ಮಣ್ಣಿಗೆ ಯಾರೂ ಗ್ಯಾಸ್ ಬಿಟ್ಟಿಲ್ಲ. ನಿನಗೆ ಬೇಕಾದ್ದು ಅಲ್ಲಿ ಇದೆಯೋ ಇಲ್ಲವೋ ನೀನೇ ಹೇಳಬೇಕು. ಬಂದು ತೆಗೆದುಕೊಂಡು ಹೋಗು. ಬೇರೆ ಯಾರನ್ನೂ ಕಳಿಸಬೇಡ.

ರೈನ್‌ಹೋಲ್ಡ್


ಪುಲ್‌ಮನ್
ಡಿಸೆಂಬರ್ 9, 1974

ಅಣ್ಣ,

ಶುಕ್ರವಾರ ಬಂದಿದ್ದೆ. ಮನೆಗೆ ಬರಲಿಲ್ಲ. ಗೇಟಿನವರೆಗೆ ಬಂದು ಕಾರು ತಿರುಗಿಸಿದೆ. ಏನೆಂದು ಮುಖ ತೋರಿಸಲಿ?

ಹೋದ ಸಲ ನಾನು ಸ್ಮಶಾನದ ಬೇಲಿ ದಾಟಿರಲಿಲ್ಲ ಎಂಬುದನ್ನು ನಿನಗೆ ಹೇಳಿದ್ದೇನೆಯೇ? ಯಾವ ವರ್ಷವೂ ದಾಟಿರಲಿಲ್ಲ, ಅಪ್ಪನನ್ನು ಮಣ್ಣು ಮಾಡಿದ ದಿನವೂ ಬೇಲಿಯ ಹೊರಗೇ ನಿಂತಿದ್ದೆ. ಹಿಮವಿದೆ, ಕೆಸರಿದೆ, ಹೊತ್ತಾಯಿತು ಎಂದು ಹದಿನೈದು ಕ್ರಿಸ್‌ಮಸ್ ಕಾರಿನೊಳಗೆ ಕುಳಿತೇ ನೋಡಿ ಹೋಗಿದ್ದೇನೆ. ಕುಂಡ ಎಣಿಸುತ್ತಾ ಕೂತು ಅಮ್ಮನನ್ನು ಕಳೆದುಕೊಂಡವಳಿಗೆ ಹತ್ತಿರ ಹೋಗಲು ಕಾಲು ಬರುತ್ತಿರಲಿಲ್ಲ. ಆ ಸಂಕಟವನ್ನು ನಿನ್ನ ಮೇಲೆ ಹಾಕಿ, ಹುಲ್ಲು ಕೀಳಲಿಲ್ಲ ಎಂದು ಬರೆದೆ.

ಈ ಸಲ ಒಳಗೆ ಹೋದೆ. ನೆಲ ಬೆರಳಿನಷ್ಟು ಹೆಪ್ಪುಗಟ್ಟಿತ್ತು. ಕಾಲಿನ ಕಡೆಯ ಅರ್ಧದಿಂದ ಮೂರು ಡಬ್ಬಿ ತೆಗೆದೆ, ತಲೆಯ ಕಡೆ ಮುಟ್ಟಲಿಲ್ಲ. ಒಂದು ಸಸಿಯನ್ನು ಅಲ್ಲೇ ಫ್ಲಾಸ್ಕಿನ ನೀರಿನಲ್ಲಿ ತೊಳೆದು ನೋಡಿದೆ. ಬೇರು ಬೆಳ್ಳಗೆ, ತುದಿಯವರೆಗೆ ಬೆಳ್ಳಗೆ. ಇಪ್ಪತ್ತಾರು ವರ್ಷ ಗೋಧಿಯ ಬೇರು ತೊಳೆದವಳು ನಾನು, ಅಣ್ಣ. ಹೆತ್ತವಳ ಮೇಲೆ ಬೆಳೆದ ಗೋಧಿಯನ್ನು ಹುಲ್ಲು ಎಂದೆ.

ಗುಂಡಿ ಹಾಗೇ ಬಿಟ್ಟು ಬಂದಿದ್ದೇನೆ. ಮುಚ್ಚಲು ನನ್ನ ಬಳಿ ಏನೂ ಇರಲಿಲ್ಲ.

ಟಿಲ್ಲಿ


ಪುಲ್‌ಮನ್
ಮಾರ್ಚ್ 18, 1975

ಅಣ್ಣ,

ನಿನ್ನಿಂದ ಉತ್ತರವಿಲ್ಲ. ಬರೆಯದಿದ್ದರೂ ಸರಿ, ಈ ಸಲ ನಾನು ಕಾಯುವುದಿಲ್ಲ. ಡಾಕ್ಟರ್ ಇನ್ನೂ ಒಪ್ಪಿಲ್ಲ, ಅಂಕಿಅಂಶ ಎರಡನೆಯ ಸಲ ನೋಡಿಲ್ಲ, ಆದರೂ ಹೇಳುತ್ತೇನೆ. ಅಮ್ಮನ ಮಣ್ಣು ಕೆಲಸ ಮಾಡುತ್ತಿದೆ. ರೋಗದ ಮಣ್ಣಿನ ಹದಿನೈದು ಕುಂಡಗಳಲ್ಲಿ ಹನ್ನೆರಡು ಹಸಿರಾಗಿವೆ.

ಆಸೆ ಹುಟ್ಟಿಸಿ ಮೋಸ ಮಾಡಬಾರದು, ಅದಕ್ಕೆ ಉಳಿದದ್ದನ್ನೂ ಹೇಳುತ್ತೇನೆ. ಮೂರು ಡಬ್ಬಿಯಿಂದ ಕುಂಡ ತುಂಬಬಹುದು, ಹೊಲ ತುಂಬಲು ಆಗುವುದಿಲ್ಲ. ಈ ಕುಂಡಗಳಲ್ಲಿ ಬೆಳೆಸಿ, ಅದರಿಂದ ಇನ್ನಷ್ಟು ಬೆಳೆಸಿ, ಆ ಬ್ಯಾಕ್ಟೀರಿಯಾವನ್ನು ಹಿಡಿದು ಬಿತ್ತನೆ ಕಾಳಿಗೆ ಹಚ್ಚುವ ಹೊತ್ತಿಗೆ ಎಷ್ಟು ವರ್ಷವೋ ತಿಳಿಯದು. ಮುಂದೆ ಯಾರದೋ ಹೊಲಕ್ಕೆ ಆದೀತು. ನಿನ್ನ ಹೊಲಕ್ಕೆ ಸಮಯಕ್ಕೆ ಒದಗುವುದಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಅಪ್ಪನ ಹೊಲ ಇದ್ದಿದ್ದರೆ ಒದಗುತ್ತಿತ್ತು.

ಟಿಲ್ಲಿ


ಓಡೆಸಾ
ಆಗಸ್ಟ್ 10, 1975

ಟಿಲ್ಲಿ,

ಎಂಟು ತಿಂಗಳು ಯಾಕೆ ಬರೆಯಲಿಲ್ಲ ಎಂದು ಕೇಳಬೇಕು ನೀನು. ಬೈಯುವುದಾದರೆ ಹೊಲದ ವಿಷಯಕ್ಕೆ ನನ್ನನ್ನೇ ಬೈದುಕೊಳ್ಳಬೇಕು, ಅದು ಮುಗಿದ ಕಥೆ. ನೂರು ಮೈಲಿ ಬಂದವಳು ಗೇಟಿನಿಂದ ತಿರುಗಿ ಹೋದೆಯಲ್ಲ, ಅದು ನುಂಗಲಾಗಲಿಲ್ಲ. ಮಂಜಿನ ಮೇಲೆ ಟೈರಿನ ಗುರುತು ನೋಡಿ ಹುಲ್ಡಾ, "ಅಯ್ಯೋ, ಒಲೆ ಮೇಲೆ ಕಾಫಿ ಇತ್ತಲ್ರೀ" ಎಂದು ಅಳುತ್ತಾ ಕೂತಳು.

ಅಪ್ಪನ ಹೊಲದಲ್ಲಿ ಆಲೂಗಡ್ಡೆ ಮುಷ್ಟಿಗಿಂತ ದಪ್ಪ ಬಂದಿದೆ. ನೋಡಲು ಹೋಗುವುದಿಲ್ಲ. ಗುತ್ತಿಗೆ ಮುಗಿದ ಮೇಲೆ ಅಲ್ಲಿ ಮತ್ತೆ ಗೋಧಿ ಹಾಕಿದರೆ ತೆನೆ ಬೆಳ್ಳಗಾಗುತ್ತದೆ ಎಂದು ಗೊತ್ತು. ಹೊಸ ಹೊಲದಲ್ಲಿ ಈ ವರ್ಷವೂ ಅರ್ಧ ಹೋಯಿತು. ಇಳಿಯುವವರೆಗೆ ಬಿತ್ತುತ್ತಲೇ ಇರಬೇಕು, ಅಮ್ಮ ಬಿತ್ತಿಸಿದ ಹಾಗೆ. ಅವಳಿಗೆ ಆಗ ಐವತ್ತಾಗಿತ್ತು, ನನಗೆ ಐವತ್ತೇಳು. ಬಿತ್ತುತ್ತೇನೆ, ಕೊನೆ ನೋಡುತ್ತೇನೋ ಇಲ್ಲವೋ.

ನೀನು ಬಿಟ್ಟುಹೋದ ಗುಂಡಿಗೆ ಹಾಕಲು ಅಪ್ಪನ ಹೊಲದ ಮಣ್ಣು ನನ್ನ ಬಳಿ ಇರಲಿಲ್ಲ. ಹೊಸ ಹೊಲದ್ದನ್ನು, ರೋಗದ ಮಣ್ಣನ್ನೇ, ತಂದು ತುಂಬಿದೆ. ಅಮ್ಮ ಕ್ಷಮಿಸಲಿ. ಅರ್ಧ ಸಮಾಧಿಯಲ್ಲಿ ಗೋಧಿ ಬಂತು, ಅರ್ಧ ಬೋಳಾಗಿದೆ. ಜುಲೈ ಕೊನೆಗೆ ಕೊಯ್ದೆ. ಕಾಳು ಪ್ರತಿ ವರ್ಷದ ಅರ್ಧದಷ್ಟಾಯಿತು.

ಅದನ್ನು ಎರಡು ಪಾಲು ಮಾಡಿದ್ದೇನೆ. ಒಂದು ಪಾಲು ಈ ಕವರಿನಲ್ಲಿದೆ. ಇದನ್ನು ಕುಂಡಕ್ಕೆ ಹಾಕಬೇಡ, ತೊಳೆಯಬೇಡ, ಎಣಿಸಬೇಡ. ಸೆಪ್ಟೆಂಬರ್ ಇಪ್ಪತ್ತರ ಹೊತ್ತಿಗೆ ತೆಗೆದುಕೊಂಡು ಬಾ. ಬೋಳಾದ ಅರ್ಧಕ್ಕೆ ನೀನು ಬಿತ್ತಬೇಕು. ಆ ಮಣ್ಣಿನಲ್ಲಿ ಬಂದೀತೋ ಇಲ್ಲವೋ ನನಗಿಂತ ನಿನಗೆ ಚೆನ್ನಾಗಿ ಗೊತ್ತು, ಆದರೂ ಬಿತ್ತು. ಕೊಯ್ಯಲು ಜುಲೈನಲ್ಲಿ ಇನ್ನೊಂದು ಸಲ ಬರಲೇಬೇಕಾಗುತ್ತದೆ.

ಮೊದಲು ಮನೆಗೆ ಬಾ. ಕಾಫಿ ಕುಡಿದು ಇಬ್ಬರೂ ಒಟ್ಟಿಗೆ ಹೋಗೋಣ.

ನಿನ್ನ ಅಣ್ಣ
ರೈನ್‌ಹೋಲ್ಡ್